ಎತ್ತಿಗೊಂದು ಸೋಮವಾರ

ಪೀಣ್ಯ ಎರಡನೇ ಹಂತದ ಒಂದು ಮಷೀನ್ ಶಾಪು. ಶನಿವಾರ ಸಂಜೆ, ತಿಂಗಳ 19ನೇ ತಾರೀಖು. ಮಾರನೆಯ ದಿನ ಜಿಎಸ್‌ಟಿ 3ಬಿ ಸಲ್ಲಿಸಲು ಕೊನೆಯ ದಿನ. ಬಿಲ್ಲುಗಳನ್ನು ತಾಳೆ ನೋಡಲೆಂದು ನಾನು ಅಲ್ಲಿ ಕೂತಿದ್ದೆ. ಶಾಪಿನ ಮಾಲೀಕರಿಗೆ ಈಗ 62 ವರ್ಷ. 1991ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲೇತ್ ಇಟ್ಟುಕೊಂಡು ಶುರು ಮಾಡಿದವರು, ಈಗ ಆರು ಯಂತ್ರ, 14 ಜನ ಕೆಲಸಗಾರರು. ಆಗ ಒಳಗೆ ಬಂದವರು ಪಕ್ಕದ ಕ್ರಾಸಿನಲ್ಲಿ ರಾಗಿ ಚಕ್ಕುಲಿ, ನವಣೆ ಕೋಡುಬಳೆ ಮಾಡುವ ಘಟಕ ನಡೆಸುವ ಹೆಣ್ಣುಮಗಳು. ವಯಸ್ಸು 34. ಅವರ ಲೆಕ್ಕ ಬರೆಯುವವನೂ ನಾನೇ. ಕೈಯಲ್ಲಿ ಹಳೇ ಟವೆಲ್ಲಿನಲ್ಲಿ ಸುತ್ತಿದ ಎರಡು ಹಿತ್ತಾಳೆ ತುಂಡುಗಳಿದ್ದವು: ಪ್ಯಾಕಿಂಗ್ ಯಂತ್ರದ ಸೀಲಿಂಗ್ ಜಾ. ಅದರ ಹಲ್ಲು ಸವೆದು ಪ್ಯಾಕೆಟ್ಟಿನ ಬಾಯಿ ಸರಿಯಾಗಿ ಬೆಸೆಯುತ್ತಿರಲಿಲ್ಲ, ಗಾಳಿ ಹೊಕ್ಕು ಚಕ್ಕುಲಿ ಮೆತ್ತಗಾಗುತ್ತಿತ್ತು. ಹಲ್ಲು ಮತ್ತೆ ಕೊರೆಯಲು ಒಂದು ಗಂಟೆ ಬೇಕು ಎಂದು ಸೂಪರ್‌ವೈಸರ್ ಅದನ್ನು ಒಳಗೆ ಕೊಂಡೊಯ್ದರು. ಆಕೆಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡಿಂಚಿನ ಸುಟ್ಟ ಗಾಯ. ಅದರ ಮೇಲೆ ಜಾ ಹಲ್ಲಿನ ಗೆರೆಗಳು ಅಚ್ಚೊತ್ತಿದಂತೆ ಸಾಲಾಗಿ ಮೂಡಿದ್ದವು.

ಹಿರಿಯರು: ಕೈಗೇನಾಯ್ತಮ್ಮಾ?

ಆಕೆ: ಏನಿಲ್ಲ ಸರ್. ಮೊನ್ನೆ ರಾತ್ರಿ ಹತ್ತೂವರೆಗೆ ಪ್ಯಾಕೆಟ್ ಸಿಕ್ಕಿಹಾಕಿಕೊಂಡಿತ್ತು. ಮಷೀನ್ ಆಫ್ ಮಾಡದೆ ಎಳೆಯೋಕೆ ಹೋದೆ. ನೂರೈವತ್ತು ಡಿಗ್ರಿ ಇರುತ್ತೆ ಅದು. ತಪ್ಪು ನಂದೇ.

ಹಿರಿಯರು: ನಿಮ್ಮ ಹತ್ರ ಕೆಲಸ ಮಾಡೋ ಹೆಣ್ಣುಮಕ್ಕಳು ಹಾಗೆ ಕೈ ಹಾಕಿದ್ದಿದ್ರೆ?

ಆಕೆ: ಚೆನ್ನಾಗಿ ಬೈದಿರ್ತಿದ್ದೆ. ಆದ್ರೆ ಅವರು ಐದೂವರೆಗೆಲ್ಲ ಮನೆಗೆ ಹೊರಟುಬಿಡ್ತಾರೆ. ಆಮೇಲಿನ ಪ್ಯಾಕಿಂಗ್ ನಂದು.

ಹಿರಿಯರು: ಅವತ್ತು ಬೆಳಗ್ಗೆ ಎಷ್ಟಕ್ಕೆ ಎದ್ದಿದ್ರಿ?

ಆಕೆ: ಐದಕ್ಕೆ. ದಿನಾ ಐದಕ್ಕೇ.

ಹಿರಿಯರು: ಅಲ್ಲಿಗೆ ಹದಿನೇಳೂವರೆ ಗಂಟೆ ಆಯ್ತು. 17 ಗಂಟೆ ಒಂದೇ ಸಮ ಎಚ್ಚರ ಇದ್ದೋರ ಕೈ, ಕಣ್ಣು ಕುಡಿದೋರ ಥರ ತಡವರಿಸುತ್ತೆ ಅಂತ ಪರೀಕ್ಷೆ ಮಾಡೇ ನೋಡಿದ್ದಾರೆ. ನನ್ನ ಶಾಪಿಗೆ ಯಾರಾದ್ರೂ ಕುಡಿದು ಬಂದ್ರೆ ಗೇಟಿಂದಲೇ ವಾಪಸ್ ಕಳಿಸ್ತೀನಿ. ನಿಮ್ಮ ಗೇಟಿನಲ್ಲಿ ನಿಮ್ಮನ್ನ ತಡೆಯೋರು ಯಾರು?

ಆಕೆ: ತಡೆದ್ರೆ ಬೆಳಗ್ಗೆ ಎಂಟಕ್ಕೆ ಗಾಡಿ ಬರುತ್ತಲ್ಲ, ಅದಕ್ಕೆ ಬಾಕ್ಸ್ ತುಂಬಿಸಿ ಕೊಡೋರು ಯಾರು? ಸರ್, ಹೋದ ತಿಂಗಳು ಒಂದು ಸಭೆಗೆ ಹೋಗಿದ್ದೆ. ಉದ್ಯಮಿಗಳು ತಮ್ಮ ಆರೈಕೆ ತಾವು ಹೇಗೆ ಮಾಡಿಕೊಳ್ಳಬೇಕು ಅಂತ ಒಂದು ಗಂಟೆ ಮಾತು. ಕಣ್ಣು ಮುಚ್ಚಿ, ಐದು ನಿಮಿಷ ಉಸಿರಿನ ಮೇಲೆ ಗಮನ ಇಡಿ ಅಂದ್ರು. ಮುಚ್ಚಿದೆ. ಉಸಿರು ಕಾಣಲಿಲ್ಲ, ಏಳನೇ ತಾರೀಖಿನ ಸಂಬಳ ಕಾಣಿಸ್ತು. ಹೇಳೋರು ಕೆಟ್ಟದ್ದೇನೂ ಹೇಳಲಿಲ್ಲ. ನೀರು ಕುಡೀರಿ, ನಡೀರಿ, ನಿದ್ದೆ ಮಾಡಿ. ಇದು ನಮ್ಮಜ್ಜಿಗೂ ಗೊತ್ತಿತ್ತು. ಗೊತ್ತಿಲ್ಲ ಅಂತಲ್ಲ, ಆಗ್ತಾ ಇಲ್ಲ.

ಹಿರಿಯರು: ಆಗಲ್ಲ ಅಂತ ನಾನೂ ಅಂದ್ಕೊಂಡಿದ್ದೆ. 2021ರ ಅಕ್ಟೋಬರ್ ಕೊನೇಲಿ ನಟ ಪುನೀತ್ ಹೋದ್ರಲ್ಲ, 46 ವಯಸ್ಸು. ಆಮೇಲೆ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ರು. ನಾನೂ ಒಂದ್ಸಲ ತೋರಿಸ್ಕೊಂಡು ಬರೋಣ ಅಂದ್ಕೊಂಡೆ. ತಿಂಗಳ ಕೊನೆ, ಡಿಸ್ಪ್ಯಾಚ್ ಇದೆ ಅಂತ ಬಿಟ್ಟೆ. ಮಾರನೇ ವರ್ಷ ನವೆಂಬರಿನಲ್ಲಿ ರಾತ್ರಿ ಪಾಳಿ, ಅರ್ಜೆಂಟ್ ಜಾಬು. ದವಡೆ ನೋಯೋಕೆ ಶುರು ಆಯ್ತು. ಎದೆ ಅಲ್ಲಮ್ಮಾ, ದವಡೆ. ಹಲ್ಲು ನೋವು ಅಂದ್ಕೊಂಡೆ. ಬೆವರು ಬಂತು, ಗ್ಯಾಸು ಅಂದ್ಕೊಂಡು ಸೋಡಾ ಕುಡಿದೆ. ಇನ್ನು ಎಂಟು ಪೀಸ್ ಬಾಕಿ ಇತ್ತು. ಮುಗಿಸೇ ಹೋಗೋಣ ಅಂತ ಮಷೀನ್ ಮುಂದೆ ನಿಂತೆ. ಎರಡು ಗಂಟೆ. ರಕ್ತ ಹೋಗೋ ದಾರಿ ಕಟ್ಟಿಕೊಂಡ ಮೇಲೆ ಹೃದಯದ ಮಾಂಸ ನಿಮಿಷ ನಿಮಿಷಕ್ಕೂ ಸಾಯ್ತಾ ಹೋಗುತ್ತಂತೆ. ಆ ಎಂಟು ಪೀಸಿನ ಬಿಲ್ ಎಷ್ಟು ಅಂತ ಇವರನ್ನ ಕೇಳಿ.

ನಾನು: 3,600 ರೂಪಾಯಿ.

ಹಿರಿಯರು: ಅದರಲ್ಲೂ ಎರಡು ಪೀಸ್ ರಿಜೆಕ್ಟ್ ಆಗಿ ವಾಪಸ್ ಬಂತು. ನನ್ನ ಕೈ ಸ್ಥಿರ ಇರಲಿಲ್ಲ ನೋಡಿ.

ಆ ಎರಡು ತುಂಡುಗಳನ್ನು ಅವರು ಎಸೆದಿಲ್ಲ. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದಾರೆ. ಬೆರಳು ಗಾತ್ರದ, ಕನ್ನಡಿಯಂತೆ ಹೊಳೆಯುವ ಉಕ್ಕಿನ ಪಿನ್ನುಗಳು. ಅವುಗಳಲ್ಲಿ ಏನು ದೋಷವಿದೆಯೆಂದು ನನ್ನ ಕಣ್ಣಿಗೆ ಇವತ್ತಿಗೂ ಗೊತ್ತಾಗಿಲ್ಲ. ಮೂವತ್ತು ಮೈಕ್ರಾನ್ ಕಡಿಮೆಯಂತೆ.

ಹಿರಿಯರು: ಈ ವಿಎಂಸಿ ಮಷೀನ್ ಇದೆಯಲ್ಲ, ಲ್ಯೂಬ್ ಆಯಿಲ್ ಮಟ್ಟ ಇಳಿದ್ರೆ ಅಲಾರಂ ಹೊಡೆಯುತ್ತೆ. ಎಣ್ಣೆ ಹಾಕೋವರೆಗೂ ಮುಂದಿನ ಸೈಕಲ್ ಶುರು ಮಾಡೋಕೆ ಬಿಡಲ್ಲ. ನಮ್ಮ ಮೈಗೂ ಅಂಥದ್ದೊಂದು ಇರುತ್ತೆ. ನಾವು ಅದನ್ನ ಗ್ಯಾಸು ಅಂತ ಕರೀತೀವಿ.

ಆಕೆ: ಬೇಜಾರು ಮಾಡ್ಕೋಬೇಡಿ ಸರ್, ನಾನು ಮಷೀನ್ ಅಲ್ಲ. ಈ ಹೋಲಿಕೆಯಲ್ಲೇ ನನಗೆ ತಕರಾರು. ಎಲ್ಲರೂ ಕೆಲಸ ಒಂದು ಕಡೆ, ನಾನು ಒಂದು ಕಡೆ ಅಂತ ಸೀಳಿ, ಕೆಲಸದಿಂದ ನನ್ನನ್ನ ಕಾಪಾಡೋಕೆ ಬರ್ತಾರೆ. ಮೊದಲು ಒಂಬತ್ತು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಶನಿವಾರ ಭಾನುವಾರ ರಜ, ಜಿಮ್ಮು, ವರ್ಷಕ್ಕೊಂದು ಪುಕ್ಕಟೆ ತಪಾಸಣೆ, ಎಲ್ಲ ಇತ್ತು. ಭಾನುವಾರ ಸಂಜೆ ನಾಲ್ಕಾದ್ರೆ ಹೊಟ್ಟೆಯಲ್ಲಿ ಕಲ್ಲು ಇಟ್ಟಂಗೆ. ಈಗ ಆ ಕಲ್ಲಿಲ್ಲ. ಸುಸ್ತಿದೆ, ಭಯ ಇಲ್ಲ. ಬೆಳಗ್ಗೆ ಆರೂವರೆಗೆ ಮೊದಲ ಒಬ್ಬೆ ಚಕ್ಕುಲಿ ಬಾಣಲೆಯಿಂದ ತೆಗೆದು, ಒಂದನ್ನ ಮುರಿದು ಕಿವಿ ಹತ್ರ ಹಿಡೀತೀನಿ. ಆ ಸದ್ದು ಸರಿ ಬಂದ್ರೆ ಅವತ್ತಿನ ದಿನ ನಂದು. ಇದನ್ನೇ ಆರೈಕೆ ಅಂದ್ರೆ ಯಾಕಾಗಬಾರದು?

ಹಿರಿಯರು: ಆಗಬಹುದು. ಮೂವತ್ತು ವರ್ಷ ನಾನೂ ಅದೇ ಸುಖದ ಮೇಲೆ ಬದುಕಿದ್ದು. ಮೊದಲ ಪೀಸ್ ಗೇಜಿನಲ್ಲಿ ಸರ್ರಂತ ಕೂತಾಗ ಆಗೋ ಖುಷಿ ಹೆಂಡತಿ ಮಕ್ಕಳಿಗೂ ಹೇಳಿ ತಿಳಿಸೋಕಾಗಲಿಲ್ಲ ನನಗೆ. ಆದ್ರೆ ಮೈಗೆ ಅದು ಗೊತ್ತಾಗಲ್ಲಮ್ಮಾ. ಡಾಕ್ಟ್ರು ಕೊಟ್ಟ ಹಾಳೆ ಈ ಡ್ರಾಯರಿನಲ್ಲೇ ಇದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೋರು, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೋರು ಸೇರಿ ಲೆಕ್ಕ ಹಾಕಿದ್ದು. ವಾರಕ್ಕೆ 35ರಿಂದ 40 ಗಂಟೆ ದುಡಿಯೋರಿಗಿಂತ 55 ದಾಟಿದೋರಿಗೆ ಪಾರ್ಶ್ವವಾಯು ಹೊಡೆಯೋ ಅಪಾಯ 35 ಶೇಕಡಾ ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯೋದು 17 ಶೇಕಡಾ ಜಾಸ್ತಿ. ಇಷ್ಟಪಟ್ಟು ದುಡಿದೋರಿಗೆ ಕಮ್ಮಿ ಅಂತ ಅದರಲ್ಲೆಲ್ಲೂ ಬರೆದಿಲ್ಲ. ನಿಮ್ಮದು ವಾರಕ್ಕೆ ಎಷ್ಟಾಗುತ್ತೆ?

ಆಕೆ: 2023ರಲ್ಲಿ ನಾರಾಯಣ ಮೂರ್ತಿಯವರು 70 ಗಂಟೆ ದುಡೀಬೇಕು ಅಂದಾಗ ಊರೆಲ್ಲ ಜಗಳ ಆಡ್ತಲ್ಲ, ಆಗ ಒಂದು ವಾರ ಬರೆದಿಟ್ಟೆ. 92 ಬಂತು. ನನಗೆ ಯಾರೂ ಹೇಳಿರಲಿಲ್ಲ. ಬೇಡ ಅಂತನೂ ಯಾರೂ ಹೇಳಲಿಲ್ಲ. ಅದು ಸಿರಿಧಾನ್ಯ ವರ್ಷ ಸರ್, ಎಲ್ಲಿ ನೋಡಿದ್ರೂ ಆರ್ಡರು. ಗಾಳಿ ಬಂದಾಗ ತೂರಿಕೊಳ್ಳದೆ ಇರೋಕಾಗುತ್ತಾ?

ಹಿರಿಯರು: ನಮ್ಮೂರು ಶಿರಾ ಕಡೆ. ನಮ್ಮಪ್ಪನಿಗೆ ಒಂದು ಜೊತೆ ಎತ್ತಿತ್ತು. ಸೋಮವಾರ ಬಂದ್ರೆ ನೊಗ ಹಾಕ್ತಿರಲಿಲ್ಲ. ಬಸವಣ್ಣನ ವಾರ ಅದು. ಶನಿವಾರ ಮಳೆ ಬಂದು, ಭಾನುವಾರ ಒಂದರ್ಧ ಹೊಲ ಬಿತ್ತಿ, ಸೋಮವಾರ ಹದ ಆರಿಹೋಗುತ್ತೆ ಅಂತ ಗೊತ್ತಿದ್ರೂ ಎತ್ತು ಕಟ್ಟುತ್ತಿರಲಿಲ್ಲ. ನಾನು ಕಾಲೇಜು ಓದೋ ಹುಡುಗ, ಕೇಳಿದ್ದೆ, ಅಪ್ಪಾ ಇದು ಮೂಢನಂಬಿಕೆ ಅಲ್ವಾ ಅಂತ. ಅಪ್ಪ ಹೇಳಿದ್ದು ಇಷ್ಟೇ: ಎತ್ತಿಗೆ ಮಾತು ಬರಲ್ಲ, ಅದಕ್ಕೇ ವಾರ ಗೊತ್ತು ಮಾಡಿದ್ದಾರೆ. ಅವತ್ತವತ್ತಿನ ಹದ ನೋಡ್ಕೊಂಡು ರಜ ಕೊಡೋಣ ಅಂದ್ರೆ ರೈತ ಯಾವತ್ತೂ ಕೊಡಲ್ಲ. ನಿಮ್ಮ ಮೈಗೂ ಮಾತು ಬರಲ್ಲಮ್ಮಾ.

ಈ ಮಾತು ನನಗೆ ಅಲ್ಲಿಗೇ ಮುಗಿಯಿತು ಎನಿಸಿತ್ತು. ಎಷ್ಟೋ ಜನ ಹೇಳುವ ಬುದ್ಧಿಮಾತಿನಲ್ಲಿ ಇಲ್ಲದ ಒಂದು ಗಟ್ಟಿತನ ಅದರಲ್ಲಿತ್ತು. ಆಕೆ ಸ್ವಲ್ಪ ಹೊತ್ತು ತನ್ನ ಗಾಯವನ್ನೇ ನೋಡುತ್ತ ಕೂತರು.

ಆಕೆ: ಸರ್, ಸೋಮವಾರ ಎತ್ತಿಗೆ ಮೇವು ಹಾಕ್ತಿದ್ದಿದ್ದು ಯಾರು?

ಹಿರಿಯರು: ಅಂದ್ರೆ?

ಆಕೆ: ಮೇವು, ನೀರು, ಕೊಟ್ಟಿಗೆ ಸಗಣಿ ಬಾಚೋದು. ಎತ್ತು ದುಡಿಯದೆ ಇದ್ರೂ ತಿನ್ನುತ್ತಲ್ಲ.

ಹಿರಿಯರು: ಅಮ್ಮ.

ಆಕೆ: ಅಮ್ಮನಿಗೆ ಯಾವ ವಾರ ರಜ ಇತ್ತು?

ಹಿರಿಯರು ಉತ್ತರ ಕೊಡಲಿಲ್ಲ. ಒಳಗೆ ಕಟರ್ ಹಿತ್ತಾಳೆಯನ್ನು ತಿನ್ನುವ ಸದ್ದು ಏರಿತು, ಇಳಿಯಿತು.

ಆಕೆ: ನಾನು ಜಗಳಕ್ಕೆ ಕೇಳ್ತಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನೀವು ಆರು ಗಂಟೆಗೆ ಮನೆಗೆ ಹೋಗ್ತೀರಿ, ಆರರ ಮೇಲೆ ಫೋನ್ ಎತ್ತಲ್ಲ. ಇವತ್ತು ಇವರು ಬಂದಿದ್ದಕ್ಕೆ ಇದ್ದೀರಿ ಅಷ್ಟೇ. ಒಳ್ಳೇದೇ ಆಯ್ತು. ಆದ್ರೆ ಆರರ ಮೇಲೆ ಆ ಫೋನ್ ಎಲ್ಲಿಗೆ ಹೋಗುತ್ತೆ? ಈಗ ಒಳಗೆ ನನ್ನ ಜಾ ಕೊರೀತಿದ್ದಾರಲ್ಲ, ಅವರಿಗೆ. ಹೋದ ವಾರ ಒಂಬತ್ತೂವರೆಗೆ ನಾನೇ ಅವರಿಗೆ ಫೋನ್ ಮಾಡಿದ್ದೆ. ಊಟಕ್ಕೆ ಕೂತಿದ್ರು. ತಟ್ಟೆ ಸದ್ದು ಕೇಳಿಸ್ತು. ಆದ್ರೂ ಮಾತಾಡಿದ್ರು. ನಿಮ್ಮ ಬಿಪಿ ಇಳಿದಿದೆ. ಅವರ ಬಿಪಿ ಎಷ್ಟಿದೆ?

ಹಿರಿಯರು: ಗೊತ್ತಿಲ್ಲ.

ಆಕೆ: ನಮ್ಮನೇಲೂ ಅದೇ. ನಾನು ಭಾನುವಾರ ನಿದ್ದೆ ಮಾಡಿದ್ರೆ ಅಡುಗೆ ಅತ್ತೆ ಮಾಡ್ತಾರೆ. ಅವರಿಗೆ 66, ಮಂಡಿ ನೋವು. ಮಗೂಗೆ ಜ್ವರ ಬಂದ್ರೆ ನನ್ನ ಗಂಡ ಆಫೀಸಿಗೆ ರಜ ಹಾಕ್ತಾರೆ. ನಾನು ಮಲಗಿದ್ದಷ್ಟು ಹೊತ್ತು ಬೇರೆ ಯಾರೋ ಎದ್ದಿರ್ತಾರೆ. ಅದಕ್ಕೇ ನನಗೆ ವಿಶ್ರಾಂತಿ ಅಂದ್ರೆ ಸಾಲ ಮಾಡಿದಂಗೆ ಆಗುತ್ತೆ.

ಹಿರಿಯರು: ಈ ಮಾತು ನನಗೆ ಚುಚ್ಚಿತು. ಚುಚ್ಚಬೇಕಾದ್ದೇ. ಅವನು ನನ್ನ ಹತ್ರ 22 ವರ್ಷದಿಂದ ಇದ್ದಾನೆ. ಹುಡುಗರಿಗೆಲ್ಲ ಇಎಸ್‌ಐ ಇದೆ, ರಾಜಾಜಿನಗರದ ಆಸ್ಪತ್ರೆಗೆ ಹೋಗ್ತಾರೆ. ಸಂಬಳ 21,000 ದಾಟಿದ್ರೆ ಇಎಸ್‌ಐಗೆ ಬರಲ್ಲ. ಅವನು ಅದನ್ನ ದಾಟಿ ಎಷ್ಟು ವರ್ಷ ಆಯ್ತು ಸಾಹೇಬ್ರೇ?

ನಾನು: ಏಳು ವರ್ಷ ಆಯ್ತು. ಮಾಲೀಕರಿಗಂತೂ ಇಎಸ್‌ಐ ಇಲ್ಲವೇ ಇಲ್ಲ. ಕೆಲಸಗಾರರ ದುಡಿಮೆಗೆ ವಾರಕ್ಕೆ 48 ಗಂಟೆ ಅಂತ 1948ರ ಫ್ಯಾಕ್ಟರೀಸ್ ಕಾಯ್ದೆಯಲ್ಲೇ ಗೆರೆ ಎಳೆದಿದ್ರು. ವಾರಕ್ಕೊಂದು ರಜನೂ ಅದರಲ್ಲೇ ಇತ್ತು. ಮಾಲೀಕರಿಗೆ ಗೆರೆ ಎಳೆದೋರಿಲ್ಲ. ನಿಮ್ಮಿಬ್ಬರ ಪುಸ್ತಕದಲ್ಲೂ ಹುಡುಗರ ವಿಮೆಗೆ ಒಂದು ಖಾತೆ ಇದೆ, ಮಷೀನಿನ ವಿಮೆಗೆ ಇದೆ, ಗಾಡಿ ವಿಮೆಗೆ ಇದೆ.

ಆಕೆ: ನನ್ನ ಹೆಸರಿಗೆ?

ನಾನು: ಬ್ಯಾಂಕಿನೋರು ಸಾಲ ಕೊಡುವಾಗ ಮಾಡಿಸಿದ್ದು ಒಂದಿದೆ. ನಿಮಗೇನಾದ್ರೂ ಆದ್ರೆ ಸಾಲ ತೀರುತ್ತೆ.

ಹಿರಿಯರು: ನೋಡಿ, ಅದನ್ನೇ ಹೇಳೋದು. ನೀವು ಮಲಗಿದ್ರೆ ಅತ್ತೆ ಎದ್ದಿರ್ತಾರೆ ಅಂದ್ರಿ. ನೀವು ಬಿದ್ದರೆ? ಆಗ ಅತ್ತೆ ಒಂದು ಭಾನುವಾರಕ್ಕಲ್ಲ, ವರ್ಷಗಟ್ಟಲೆ ಎದ್ದಿರಬೇಕಾಗುತ್ತೆ. ನಾನು ಬಿದ್ದಾಗ 40 ದಿನ ನನ್ನ ಹೆಂಡತಿ ಈ ಕುರ್ಚಿ ಮೇಲೆ ಕೂತಿದ್ಲು. ಯಾವ ಗಿರಾಕಿ ಎಷ್ಟು ಕೊಡಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಯಾರಿಗೂ ಏನೂ ಹೇಳದೆ ಎಲ್ಲ ತಲೆಯಲ್ಲೇ ಇಟ್ಕೊಂಡಿದ್ದೆ. ಅದು ಜವಾಬ್ದಾರಿ ಅಂದ್ಕೊಂಡಿದ್ದೆ. ಅದರಲ್ಲಿ ಒಂದು ಪಾಲು ಅಹಂಕಾರನೂ ಇತ್ತಮ್ಮಾ. ನಾನಿಲ್ಲದೆ ನಡೆಯಲ್ಲ ಅನ್ನೋದು ಕೇಳೋಕೆ ಬಹಳ ಸಿಹಿಯಾಗಿರುತ್ತೆ. ಹಿಟ್ಟಿನ ಹದ ನಿಮ್ಮನ್ನ ಬಿಟ್ಟು ಇನ್ಯಾರಿಗೆ ಗೊತ್ತು?

ಆಕೆ: ಬರೆದಿಟ್ಟಿದ್ದೀನಿ.

ಹಿರಿಯರು: ಬರೆದಿದ್ದು ಬೇರೆ. ಯಾರ ಕೈಗೆ ಬಂದಿದೆ?

ಆಕೆ: ಇಲ್ಲ. ಯಾರಿಗೂ ಬಂದಿಲ್ಲ. ಒಬ್ಬಳಿಗೆ ಹೇಳಿಕೊಟ್ಟೆ, ಎರಡು ತಿಂಗಳು. ಒಂದು ಬ್ಯಾಚ್ ಕೆಡಿಸಿದ್ಲು. ಹನ್ನೆರಡು ಕಿಲೋ. ಅವತ್ತಿಂದ ಮತ್ತೆ ನಾನೇ ಕಲಸ್ತೀನಿ.

ಹಿರಿಯರು: ಹನ್ನೆರಡು ಕಿಲೋ. ನಿಮ್ಮ ಒಂದು ಸೋಮವಾರದ ಬೆಲೆ ಅಷ್ಟೇ ಆಗಿತ್ತು. ಇನ್ನೆರಡು ಸಲ ಕೆಡಿಸೋಕೆ ಬಿಟ್ಟಿದ್ರೆ ಅವಳಿಗೆ ಕೈ ಕೂರ್ತಿತ್ತು.

ಆಕೆ: ಬಿಡೋಕೆ ದುಡ್ಡಿರಬೇಕಲ್ಲ ಸರ್! ಎಲ್ಲರೂ ಬಂದು ನಿಲ್ಲೋದು ಇಲ್ಲೇ. ಹೇಳಿ, ನನ್ನ ಬಾಕಿ ಎಷ್ಟಿದೆ ಅಂತ.

ಆಕೆ ಹೇಳಿದ್ದು ನನಗೆ. ನಾನು ಪುಸ್ತಕ ನೋಡಬೇಕಿರಲಿಲ್ಲ. ಒಂದು ಸೂಪರ್‌ಮಾರ್ಕೆಟ್ ಸರಣಿಯಿಂದ ಬರಬೇಕಾದ್ದು 4,80,000 ರೂಪಾಯಿ, ಮಾಲು ಇಳಿಸಿ 73 ದಿನ. ಈ ಹದಿನೆಂಟು ವರ್ಷದ ನನ್ನ ವೃತ್ತಿಯಲ್ಲಿ ಸಣ್ಣ ಉದ್ಯಮಿಗಳ ನಿದ್ದೆ ಕೆಡಿಸಿದ್ದು ಕೆಲಸದ ಹೊರೆಗಿಂತ ಹೆಚ್ಚಾಗಿ ಬಾರದ ಹಣ ಎಂದು ನಾನು ದೃಢವಾಗಿ ನಂಬಿದ್ದೇನೆ. ಆರೋಗ್ಯದ ಮಾತಿನ ನಡುವೆ ಯಾರೂ ಇದನ್ನು ಎತ್ತುವುದಿಲ್ಲ ಎಂಬುದು ನನ್ನ ಬಹುಕಾಲದ ನೋವು. ಅದಕ್ಕೇ ನಡುವೆ ಬಾಯಿ ಹಾಕಿದೆ.

ನಾನು: 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನ ದಾಟೋ ಹಾಗಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ರೆ 15 ದಿನ ಅಷ್ಟೇ. ದಾಟಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂದಿದೆ. ಸಣ್ಣವರಿಗೆ ಗಡುವಿನೊಳಗೆ ಕೊಡದ ದುಡ್ಡನ್ನ, ಕೊಡೋವರೆಗೂ ಅವರು ಖರ್ಚು ಅಂತ ತೋರಿಸೋ ಹಾಗಿಲ್ಲ. ನಿಮಗೆ ಉದ್ಯಮ್ ನೋಂದಣಿ ಇದೆ. ಬಾಕಿಗಾಗಿ ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು ಅಂತ ಹೋದ ತಿಂಗಳೇ ಹೇಳಿದ್ದೆ.

ಆಕೆ: ಹಾಕಿದ ದಿನವೇ ಶೆಲ್ಫಿಂದ ನನ್ನ ಪ್ಯಾಕೆಟ್ ಇಳಿಸ್ತಾರೆ. ಕಾನೂನು ನನ್ನ ಕಡೆ ಇದೆ, ಶೆಲ್ಫು ಅವರ ಕಡೆ ಇದೆ. ಇದಕ್ಕೆ ಯಾವ ಪ್ರಾಣಾಯಾಮ ಮಾಡಲಿ? ಸಂಬಳ ಹಾಕಿದ ರಾತ್ರಿ ಮಾತ್ರ ನನಗೆ ನಿದ್ದೆ ಬರುತ್ತೆ. ತಿಂಗಳಿಗೆ ಒಂದು ರಾತ್ರಿ.

ಹಿರಿಯರು: ಸ್ಟೆಂಟ್ ಹಾಕಿಸ್ಕೊಂಡು ಬಂದ ಮೇಲೆ ಮೊದಲು ಮಾಡಿದ್ದು ವಾಕಿಂಗ್ ಅಲ್ಲ. ಒಬ್ಬ ಗಿರಾಕೀನ ಬಿಟ್ಟೆ. ನನ್ನ ವ್ಯಾಪಾರದಲ್ಲಿ ಕಾಲು ಭಾಗ ಅವರದ್ದು. 120 ದಿನಕ್ಕೆ ದುಡ್ಡು ಕೊಡೋರು, ಅದಕ್ಕೂ ಹತ್ತು ಫೋನು. ಆ ವರ್ಷ ವಹಿವಾಟು ಬಿತ್ತು, ಬ್ಯಾಂಕಿನೋರು ಕರೆದು ಕೇಳಿದ್ರು. ಆದ್ರೆ ಮಲಗಿದ್ರೆ ನಿದ್ದೆ ಬರ್ತಿತ್ತು. ಮಾತ್ರೆ ಮಾಡದೆ ಇದ್ದದ್ದನ್ನ ಅದು ಮಾಡ್ತು.

ಆಕೆ: ನಿಮಗೆ ಬಿಡೋಕೆ ಇನ್ನೂ ಆರು ಗಿರಾಕಿ ಇದ್ರು. ನನಗೆ ಇರೋದೇ ಮೂವರು. ಮೂವತ್ತು ವರ್ಷ ಕಟ್ಟಿ ಆದ ಮೇಲೆ ಇಳಿಸಿಕೊಳ್ಳೋದು ಬೇರೆ ಸರ್. ನೀವು ನನ್ನ ವಯಸ್ಸಿನಲ್ಲಿ, 1997ರಲ್ಲಿ, ಯಾವ ಸೋಮವಾರ ನೊಗ ಇಳಿಸಿದ್ರಿ?

ಹಿರಿಯರು: ಇಳಿಸಲಿಲ್ಲ.

ಆಕೆ: ಇಳಿಸಿದ್ದಿದ್ರೆ ಈ ಆರು ಮಷೀನ್ ಇರ್ತಿತ್ತಾ?

ಹಿರಿಯರು: ನಾಲ್ಕು ಇರ್ತಿತ್ತೇನೋ. ನಿಜವಾಗಿ ಗೊತ್ತಿಲ್ಲಮ್ಮಾ. ಗೊತ್ತಿದೆ ಅಂತ ಸುಳ್ಳು ಹೇಳಲ್ಲ. ಒಂದು ಮಾತ್ರ ಗೊತ್ತು. ನನ್ನ ಮಗಳು ಏಳನೇ ಕ್ಲಾಸಿನಿಂದ ಪಿಯುಸಿ ಮುಗಿಸೋವರೆಗೆ ಹೇಗಿದ್ಲು ಅಂತ ನನಗೆ ಫೋಟೋ ನೋಡಿದ್ರೇನೆ ನೆನಪಾಗೋದು. ಅದನ್ನ ವಾಪಸ್ ತರೋಕೆ ಯಾವ ಗಿರಾಕೀನ ಬಿಡಲಿ?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗನೊಬ್ಬ ಟೀ ತಂದ. ಹಿರಿಯರದ್ದು ಸಕ್ಕರೆ ಇಲ್ಲದ್ದು.

ಆಕೆ ಟೀ ಮುಟ್ಟದೆ ದನಿ ತಗ್ಗಿಸಿ ಕೇಳಿದರು: ಸರ್, ಸಂಬಳಕ್ಕೆ ದುಡ್ಡಿಲ್ಲ ಅಂತ ಗೊತ್ತಾದ ದಿನ ನೀವು ಯಾರಿಗೆ ಹೇಳ್ತಿದ್ರಿ?

ಹಿರಿಯರು: ಯಾರಿಗೂ ಇಲ್ಲ. ಹುಡುಗರಿಗೆ ಹೇಳಿದ್ರೆ ಕೆಲಸ ಬಿಟ್ಟು ಹೋಗ್ತಾರೆ. ಬ್ಯಾಂಕಿಗೆ ಹೇಳಿದ್ರೆ ಲಿಮಿಟ್ ಕಡಿತಾರೆ. ಮನೇಲಿ ಹೇಳಿದ್ರೆ ಅವರ ನಿದ್ದೆನೂ ಹೋಗುತ್ತೆ. 2019ರ ಜುಲೈ ಕೊನೇಲಿ ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರ ಸಾವಿನ ಸುದ್ದಿ ಬಂತಲ್ಲ, ಅವತ್ತು ಈ ರಸ್ತೆಯ ಟೀ ಅಂಗಡಿ ಮುಂದೆ ಮಾಲೀಕರು ಏಳೆಂಟು ಜನ ನಿಂತಿದ್ವಿ. ಅಷ್ಟು ದೊಡ್ಡ ಮನುಷ್ಯ, ಸಾವಿರಾರು ಜನಕ್ಕೆ ಕೆಲಸ ಕೊಟ್ಟೋರು. ಯಾರೂ ಜೋರಾಗಿ ಮಾತಾಡಲಿಲ್ಲ. ಆಮೇಲೆ ನಮ್ಮಲ್ಲೊಬ್ಬರು, ಹೆಸರು ಬೇಡ, ಗ್ಲಾಸ್ ಕೆಳಗಿಟ್ಟು, ನನಗೂ ಮೂರು ತಿಂಗಳಿಂದ ಬಡ್ಡಿ ಕಟ್ಟೋಕಾಗಿಲ್ಲ ಕಣ್ರೋ ಅಂದ್ರು. ಹದಿನೈದು ವರ್ಷದ ಪರಿಚಯ, ಅವತ್ತೇ ಮೊದಲ ಸಲ ಒಬ್ಬರು ಬಾಯಿ ಬಿಟ್ಟಿದ್ದು. ಅವತ್ತಿಂದ ಗುರುವಾರ ಸಂಜೆ ಅರ್ಧ ಗಂಟೆ ಸೇರ್ತೀವಿ. ಟೀ ಅಷ್ಟೇ. ಯಾರಿಗೆ ಎಷ್ಟು ಬಾಕಿ, ಯಾರು ಕೊಡ್ತಿಲ್ಲ, ಎಲ್ಲ ಹೇಳ್ಕೊಳ್ತೀವಿ. ದುಡ್ಡು ಬರಲ್ಲ ಅದರಿಂದ. ಆದ್ರೂ ಮನೆಗೆ ಹೋಗುವಾಗ ಎದೆ ಹಗುರ ಇರುತ್ತೆ.

ಆಕೆ: ಆ ಗುಂಪಿನಲ್ಲಿ ಹೆಂಗಸರಿದ್ದಾರಾ?

ಹಿರಿಯರು: ಇಲ್ಲ. ನೀವು ಬನ್ನಿ.

ಆಕೆ: ಗುರುವಾರ ಸಂಜೆ ಮಗೂಗೆ ಟ್ಯೂಷನ್ ಇದೆ. ನೋಡಿದ್ರಾ? ನಾನು ನೆಪ ಹೇಳ್ತಿಲ್ಲ. ರಾಜಾಜಿನಗರದಲ್ಲಿ ಅವೇಕ್ ಅಂತ ಮಹಿಳಾ ಉದ್ಯಮಿಗಳ ಸಂಘ ಇದೆ, 1983ರಿಂದ ನಡೀತಿದೆ. ಅಲ್ಲಿ ಒಬ್ಬರು ಹೇಳಿದ್ರು, ರಾತ್ರಿ ಒಬ್ಬಳೇ ಕೂತು ಅಳೋ ಹಾಗಾದ್ರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ ಅಂತ. ಜನವರಿಯಲ್ಲಿ ಒಂದು ರಾತ್ರಿ ಮಾಡಿದೆ.

ಹಿರಿಯರು: ಮಾಡಿದ್ರಾ?

ಆಕೆ: ಇಪ್ಪತ್ತು ನಿಮಿಷ ಮಾತಾಡಿದೆ. ಆ ಕಡೆ ಇದ್ದ ಹುಡುಗಿ ಏನೂ ದೊಡ್ಡದು ಹೇಳಲಿಲ್ಲ. ಕೊನೇಲಿ ಊಟ ಆಯ್ತಾ ಅಂತ ಕೇಳಿದ್ಲು. ಆಗಿರಲಿಲ್ಲ. ಆಮೇಲೆ ಮೊಸರನ್ನ ತಿಂದು ಮಲಗಿದೆ.

ಇದನ್ನು ಆಕೆ ನನಗೆ ಯಾವತ್ತೂ ಹೇಳಿರಲಿಲ್ಲ. ಪ್ರತಿ ತಿಂಗಳು ನಾನು ಅವರ ಪುಸ್ತಕದ ಒಂದೊಂದು ರೂಪಾಯಿಯನ್ನೂ ನೋಡುತ್ತೇನೆ. ಜನವರಿಯ ಪುಟದಲ್ಲಿ ಆ ರಾತ್ರಿಯ ಗುರುತು ಎಲ್ಲೂ ಇರಲಿಲ್ಲ.

ಹಿರಿಯರು ಡ್ರಾಯರ್ ಎಳೆದರು. ವರ್ನಿಯರ್, ಮೈಕ್ರೋಮೀಟರಿನ ಮರದ ಡಬ್ಬಿ, ಅದರ ಪಕ್ಕದಲ್ಲೇ ಬಿಪಿ ನೋಡುವ ಯಂತ್ರ. ಅದಕ್ಕೂ ಎಣ್ಣೆಗೈ ಹತ್ತಿ ಬಿಳಿ ಬಣ್ಣ ಬೂದು ಬಣ್ಣಕ್ಕೆ ತಿರುಗಿತ್ತು.

ಹಿರಿಯರು: ತೋಳು ಕೊಡಿ.

ಆಕೆ: ನನಗೇನಾಗಿದೆ?

ಹಿರಿಯರು: ಏನೂ ಆಗಿಲ್ಲ ಅಂತ ನೋಡೋಣ.

ಪಟ್ಟಿ ಉಬ್ಬಿ, ಇಳಿದು, ಅಂಕಿ ಬಂತು: 148, 96.

ಆಕೆ: ಬಿಸಿಲಿನಲ್ಲಿ ನಡೆದು ಬಂದೆ. ಮೆಟ್ಟಿಲು ಹತ್ತಿದೆ. ಮಾತಾಡ್ತಾನೂ ಇದ್ದೆ.

ಹಿರಿಯರು: ಸರಿ. ನಿಯಮ ಪ್ರಕಾರ ನೋಡೋಣ. ಬೆನ್ನು ಒರಗಿಸಿ, ಎರಡೂ ಕಾಲು ನೆಲದ ಮೇಲೆ, ತೋಳು ಎದೆ ಮಟ್ಟಕ್ಕೆ. ಐದು ನಿಮಿಷ ಮಾತಿಲ್ಲ. ಟೀ ಮುಟ್ಟದೆ ಇದ್ದದ್ದು ಒಳ್ಳೇದಾಯ್ತು. 140 ದಾಟಿ ಬಂದ್ರೆ, ಇನ್ನೂ ಎರಡು ಮೂರು ದಿನ ಬೇರೆ ಬೇರೆ ಹೊತ್ತು ನೋಡಿ ಡಾಕ್ಟ್ರ ಹತ್ರ ಹೋಗಬೇಕು.

ಆಕೆ: ಒಂದು ಷರತ್ತು. ಮೊದಲು ಅವರಿಗೆ ನೋಡಿ.

ಸೂಪರ್‌ವೈಸರ್ ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ಜಾ. ಹಲ್ಲುಗಳು ಚಿನ್ನದ ಬಾಚಣಿಗೆಯಂತೆ ಹೊಳೆಯುತ್ತಿದ್ದವು. ಇನ್ನೊಂದು ಬಾಕಿ ಇದೆ, ಹದಿನೈದು ನಿಮಿಷ ಸಾಕು, ಎಂದರು. ಹಿರಿಯರು ಅವರಿಗೊಂದು ಸ್ಟೂಲು ಎಳೆದು ತೋರಿಸಿದರು. ಅವರು ಕೂರಲು ಹಿಂಜರಿದು, ಕೈ ಒರೆಸಿಕೊಂಡು, ಕೊನೆಗೆ ಅಂಚಿನಲ್ಲಿ ಕೂತರು. ಸ್ಟೂಲಿಗೆ ಬೆನ್ನಿಲ್ಲ ಎಂದು ಹಿರಿಯರೇ ಎದ್ದು ತಮ್ಮ ಕುರ್ಚಿ ಕೊಟ್ಟರು. ಇಬ್ಬರೂ ಅಕ್ಕಪಕ್ಕ, ಕಾಲು ನೆಲಕ್ಕೂರಿ, ಗೋಡೆ ನೋಡುತ್ತ ಕೂತರು. ಹಿರಿಯರು ಕೈಗಡಿಯಾರ ನೋಡುತ್ತ ನಿಂತರು. ಒಳಗೆ ಯಂತ್ರ ನಿಂತಿತ್ತು. ಒಂದು ನಿಮಿಷ. ಎರಡು.

ಮೂರನೇ ನಿಮಿಷಕ್ಕೆ ಮೇಜಿನ ಮೇಲೆ ಆಕೆಯ ಫೋನ್ ನಡುಗಿತು. ಪರದೆಯ ಮೇಲೆ ಬಂದ ಹೆಸರು ನಮಗೆಲ್ಲ ಕಾಣಿಸುತ್ತಿತ್ತು: ಆ ಸೂಪರ್‌ಮಾರ್ಕೆಟ್ಟಿನ ಲೆಕ್ಕಪತ್ರ ವಿಭಾಗ. 73 ದಿನದಲ್ಲಿ ಅವರಾಗಿಯೇ ಫೋನ್ ಮಾಡಿದ್ದು ಇದೇ ಮೊದಲು. ಆಕೆ ಕೈ ಚಾಚಲಿಲ್ಲ. ಹಿರಿಯರ ಮುಖ ನೋಡಿದರು.

ಹಿರಿಯರು: ತಗೊಳ್ಳಮ್ಮಾ. ತಗೊಳ್ಳಿ. ಐದು ನಿಮಿಷ ಮತ್ತೆ ಮೊದಲಿಂದ ಶುರು ಮಾಡೋಣ.

ಆಕೆ ಫೋನ್ ಎತ್ತಿಕೊಂಡು ಹೊರಗೆ ಹೋದರು. ಅದೇ ಸಮಯ ನೋಡಿ ಸೂಪರ್‌ವೈಸರ್ ಮೆಲ್ಲಗೆ ಕುರ್ಚಿಯಿಂದ ಎದ್ದು ಯಂತ್ರದ ಕಡೆ ಒಂದು ಹೆಜ್ಜೆ ಇಟ್ಟರು.

ಹಿರಿಯರು: ನೀನೆಲ್ಲಿಗೆ? ಕೂತ್ಕೋ.